ಲೇಕ್ ಸಕ್ಸೆಸ್‌ನಿಂದ ಪನ್‌ಮುಂಜೋಮ್‌ವರೆಗೆ: ನರಸಿಂಗ ರಾಯರ ಕೊರಿಯಾ ಸಂಧಾನ

1950ರ ಜೂನ್ 25ರ ಭಾನುವಾರ ಬೆಳಗಿನ ಜಾವ ಉತ್ತರ ಕೊರಿಯಾದ ಸೇನೆ ಎರಡು ಕೊರಿಯಾಗಳ ಗಡಿಯಾದ 38ನೆಯ ಅಕ್ಷಾಂಶ ದಾಟಿ ದಕ್ಷಿಣಕ್ಕೆ ನುಗ್ಗಿತು. ಸುದ್ದಿ ನ್ಯೂಯಾರ್ಕ್ ತಲುಪಿದಾಗ ಅಲ್ಲಿ ಇನ್ನೂ ಶನಿವಾರದ ರಾತ್ರಿ. ಮರುದಿನ ಮಧ್ಯಾಹ್ನವೇ ಭದ್ರತಾ ಮಂಡಳಿಯ ತುರ್ತು ಸಭೆ ಕರೆದರು. ವಿಶ್ವಸಂಸ್ಥೆಗೆ ಆಗ ಸ್ವಂತ ಕಟ್ಟಡ ಸಿದ್ಧವಾಗಿರಲಿಲ್ಲ. ಲಾಂಗ್ ಐಲೆಂಡಿನ ಲೇಕ್ ಸಕ್ಸೆಸ್ ಎಂಬಲ್ಲಿ, ಮಹಾಯುದ್ಧದ ಕಾಲದಲ್ಲಿ ಶಸ್ತ್ರೋಪಕರಣ ತಯಾರಿಸುತ್ತಿದ್ದ ಕಾರ್ಖಾನೆಯೊಂದರಲ್ಲಿ ಜಗತ್ತಿನ ಶಾಂತಿಯ ಮಾತು ನಡೆಯುತ್ತಿತ್ತು. ಮಂಡಳಿಯ ಅಧ್ಯಕ್ಷ ಸ್ಥಾನ ದೇಶಗಳ ಹೆಸರಿನ ಅಕ್ಷರಾನುಕ್ರಮದಂತೆ ತಿಂಗಳಿಗೊಬ್ಬರಿಗೆ ಬರುತ್ತದೆ. ಆ ಜೂನ್ ಭಾರತದ ಸರದಿ. ಹೀಗೆ, ಎರಡನೆಯ ಮಹಾಯುದ್ಧ ಮುಗಿದು ಐದು ವರ್ಷ ತುಂಬುವ ಮೊದಲೇ ಇನ್ನೊಂದು ದೊಡ್ಡ ಯುದ್ಧ ಬಾಗಿಲಿಗೆ ಬಂದಾಗ ಅಧ್ಯಕ್ಷರ ಕುರ್ಚಿಯಲ್ಲಿದ್ದವರು ದಕ್ಷಿಣ ಕನ್ನಡದ ಬೆನಗಲ್ ನರಸಿಂಗ ರಾವ್. ಅವರಿಗೆ ಆಗ ಅರವತ್ತಮೂರು ವರ್ಷ.

ರಾಯರ ಹೆಸರು ನಮ್ಮಲ್ಲಿ ಕೇಳಿಬಂದರೆ ಅದು ಸಂವಿಧಾನದ ಕರಡಿನ ಜೊತೆ ಮಾತ್ರ. ಕೊರಿಯಾ ಯುದ್ಧವನ್ನು ನಿಲ್ಲಿಸಲು ಅವರು ಪಟ್ಟ ಪಾಡು, ಅವರ ಕೈಯಲ್ಲಿ ಸೋತ ಪ್ರಸ್ತಾಪದ ತಿರುಳು ಎರಡೂವರೆ ವರ್ಷಗಳ ಮೇಲೆ ಬೇರೆಯವರ ಕೈಯಲ್ಲಿ ಗೆದ್ದದ್ದು, ಅದನ್ನು ಕೊರಿಯಾದ ನೆಲದಲ್ಲಿ ಜಾರಿಗೆ ತರುವ ಹೊಣೆ ಮಡಿಕೇರಿಯ ಜನರಲ್ ತಿಮ್ಮಯ್ಯನವರ ಹೆಗಲಿಗೆ ಬಂದದ್ದು, ಇವೆಲ್ಲ ನಮ್ಮ ಪಠ್ಯಗಳಲ್ಲಿ ಒಂದೆರಡು ಸಾಲನ್ನೂ ಪಡೆದಿಲ್ಲ. ನನಗೆ ಇದು ದೊಡ್ಡ ಮರೆವು ಅನ್ನಿಸುತ್ತದೆ.

ನರಸಿಂಗ ರಾಯರು ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಚಿತ್ರಾಪುರ ಸಾರಸ್ವತ ಮನೆತನದಲ್ಲಿ. ತಂದೆ ರಾಘವೇಂದ್ರ ರಾವ್ ವೈದ್ಯರು. ಒಬ್ಬ ತಮ್ಮ ರಾಮರಾವ್ ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು; ಇನ್ನೊಬ್ಬ ತಮ್ಮ ಶಿವರಾವ್ ಪತ್ರಕರ್ತರಾಗಿ, ಸಂಸದರಾಗಿ ಹೆಸರು ಮಾಡಿದರು. ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕಟ್ಟಿದ ಕೆನರಾ ಹೈಸ್ಕೂಲಿನಲ್ಲಿ ಓದಿ ಇಡೀ ಮದರಾಸು ಪ್ರಾಂತಕ್ಕೆ ಮೊದಲಿಗರಾದ ಹುಡುಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ಇಂಗ್ಲಿಷ್, ಭೌತಶಾಸ್ತ್ರ, ಸಂಸ್ಕೃತ ಮೂರರಲ್ಲೂ ಪ್ರಥಮ ದರ್ಜೆ; ಅದರ ಮೇಲೆ ಗಣಿತ. ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಜಿನ ಟ್ರಿನಿಟಿ ಕಾಲೇಜು ಸೇರಿದರು. ಅದೇ ವರ್ಷಗಳಲ್ಲಿ ಅದೇ ಕಾಲೇಜಿನಲ್ಲಿ ಜವಾಹರಲಾಲ್ ನೆಹರೂ ಎಂಬ ಇನ್ನೊಬ್ಬ ಹುಡುಗನೂ ಇದ್ದ.

ಇಷ್ಟು ಓದಿದವರು ವಿಶ್ವವಿದ್ಯಾಲಯದಲ್ಲೇ ಉಳಿಯಬಹುದಿತ್ತು. ಅವರು ಐಸಿಎಸ್ ಸೇರಿ 1910ರಲ್ಲಿ ಬಂಗಾಳಕ್ಕೆ ಬಂದರು. ಆದರೂ ಆಡಳಿತದ ದರ್ಬಾರಿಗಿಂತ ನ್ಯಾಯಾಧೀಶರ ಮೇಜೇ ಅವರಿಗೆ ಒಗ್ಗಿತು. ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ ನ್ಯಾಯಾಧೀಶ, ಅಸ್ಸಾಮಿನಲ್ಲಿ ಸರ್ಕಾರದ ಕಾನೂನು ಕಾರ್ಯದರ್ಶಿ, ಮೂವತ್ತರ ದಶಕದಲ್ಲಿ ಭಾರತದ ಅಷ್ಟೂ ಶಾಸನಗಳನ್ನು ಓದಿ ಪರಿಷ್ಕರಿಸಿದ ಪಂಡಿತ, 1939ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ. ಹುದ್ದೆ ಯಾವುದಾದರೂ ಮಾಡಿದ ಕೆಲಸ ವಿದ್ವಾಂಸನದು.

ಸಂಧಾನದ ಪಾಠವನ್ನು ಅವರು ಕಲಿತದ್ದು ನೀರಿನ ಜಗಳದಲ್ಲಿ. ಸಟ್ಲೆಜ್ ನದಿಗೆ ಭಾಕ್ರಾದಲ್ಲಿ ಅಣೆಕಟ್ಟು ಕಟ್ಟಲು ಪಂಜಾಬ್ ಹೊರಟಾಗ ಕೆಳಗಿನ ಸಿಂಧ್ ಪ್ರಾಂತ ತಕರಾರು ತೆಗೆಯಿತು. ವಿಚಾರಣೆಗೆ 1941ರಲ್ಲಿ ನೇಮಿಸಿದ ಸಿಂಧೂ ಆಯೋಗಕ್ಕೆ ರಾಯರೇ ಅಧ್ಯಕ್ಷರು. ಮರುವರ್ಷ ವರದಿ ಬಂತು. ನದಿ ನಮ್ಮ ನೆಲದಲ್ಲಿ ಹರಿಯುವಷ್ಟು ದೂರ ನೀರೆಲ್ಲ ನಮ್ಮದೇ ಎಂಬ ಮೇಲಿನವರ ವಾದವನ್ನು ಆಯೋಗ ಒಪ್ಪಲಿಲ್ಲ. ಹರಿವು ಒಂದು ಹನಿಯೂ ಕುಗ್ಗದಂತೆ ಬರಬೇಕೆಂಬ ಕೆಳಗಿನವರ ಹಟವನ್ನೂ ಒಪ್ಪಲಿಲ್ಲ. ಇಡೀ ಕಣಿವೆಯನ್ನು ಒಂದೆಂದು ನೋಡಿ ನ್ಯಾಯವಾಗಿ ಹಂಚಿಕೊಳ್ಳಬೇಕು, ಅದಕ್ಕಿಂತ ಮೊದಲು ಎರಡೂ ಕಡೆಯವರು ತಾವೇ ಒಪ್ಪಂದಕ್ಕೆ ಬರುವುದು ಎಲ್ಲಕ್ಕಿಂತ ಮೇಲು ಎಂದಿತು. ಮಾರಿಕಣಿವೆಯ ಹಿನ್ನೀರು ನೋಡಿ ಬೆಳೆದ ಹಿರಿಯೂರಿನವರಿಗೆ, ಭದ್ರಾ ನೀರಿಗಾಗಿ ಕಾದು ಕೂತ ಹೊಳಲ್ಕೆರೆ, ಹೊಸದುರ್ಗದವರಿಗೆ ಈ ಮಾತಿನ ತೂಕ ಬಿಡಿಸಿ ಹೇಳಬೇಕಾಗಿಲ್ಲ. ಸಿಂಧ್ ಮತ್ತು ಪಂಜಾಬ್ ಆ ವರದಿಯಿಂದ ತೃಪ್ತವಾಗಲಿಲ್ಲ, ವಿಭಜನೆ ಬಂದು ಜಗಳ ಎರಡು ದೇಶಗಳ ನಡುವಿನದಾಯಿತು. ಆದರೆ ನಂತರದ ಜಲವಿವಾದಗಳಲ್ಲೆಲ್ಲ ಆ ತತ್ವ ಮತ್ತೆ ಮತ್ತೆ ಬಂದಿದೆ.

ನಿವೃತ್ತಿಯ ನಂತರ ಸ್ವಲ್ಪ ಕಾಲ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾಗಿದ್ದು, 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾಗಿ ದೆಹಲಿಗೆ ಬಂದರು. ಚಿತ್ರದುರ್ಗದಲ್ಲಿ ವಕೀಲಿ ಮಾಡಿ ಬೆಳೆದ ಎಸ್. ನಿಜಲಿಂಗಪ್ಪನವರೂ ಸದಸ್ಯರಾಗಿದ್ದ ಸಭೆ ಅದು. ರಾಯರು ಸಭೆಯ ಸದಸ್ಯರಲ್ಲ, ಸಂಬಳವನ್ನೂ ಪಡೆಯಲಿಲ್ಲ. 1947ರ ಅಕ್ಟೋಬರಿನಲ್ಲಿ 243 ವಿಧಿಗಳ ಮೊದಲ ಕರಡು ಸಿದ್ಧಪಡಿಸಿ, ಆಮೇಲೆ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ಅಲ್ಲಿನ ನ್ಯಾಯಾಧೀಶರನ್ನೂ ರಾಜಕಾರಣಿಗಳನ್ನೂ ಕಂಡು ಮಾತಾಡಿದರು. ಅಂಬೇಡ್ಕರ್ ಅವರ ಕರಡು ಸಮಿತಿ ಕೈಗೆತ್ತಿಕೊಂಡದ್ದು ರಾಯರ ಆ ಕರಡನ್ನೇ. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್, ತಮಗೆ ಸಲ್ಲುತ್ತಿರುವ ಶ್ರೇಯದಲ್ಲಿ ರಾಯರಿಗೂ ಪಾಲಿದೆ ಎಂದು ತುಂಬಿದ ಸಭೆಯಲ್ಲಿ ಹೇಳಿದರು. ಅಮೆರಿಕದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಜೊತೆಗಿನ ಮಾತುಕತೆಯ ನಂತರ ರಾಯರು ನೀಡಿದ ಸಲಹೆಯಿಂದ ವ್ಯಕ್ತಿಸ್ವಾತಂತ್ರ್ಯದ ವಿಧಿ ಮೊದಲಿಗಿಂತ ತೆಳುವಾಯಿತು ಎಂಬ ಆಕ್ಷೇಪ ಇಂದಿಗೂ ಇದೆ, ಅದರಲ್ಲಿ ಸತ್ಯವಿದೆ. ಮುಂದಿನ ಕಥೆಗೆ ಬೇಕಾದದ್ದು ಇಷ್ಟು: ತಮ್ಮ ಹೆಸರು ಎಲ್ಲೂ ಕಾಣದಿದ್ದರೂ ಸರಿ, ಎಲ್ಲರೂ ಸಹಿ ಹಾಕಬಹುದಾದ ಕಾಗದ ಬರೆಯಬೇಕು ಎಂಬ ಅಭ್ಯಾಸ ಈ ಮನುಷ್ಯನಿಗೆ ರಕ್ತಗತವಾಗಿತ್ತು.

ರಾಯರು ಭಾರತದ ಪ್ರತಿನಿಧಿಯಾಗಿ ಕೂತಿದ್ದ ಲೇಕ್ ಸಕ್ಸೆಸ್‌ಗೆ ಮತ್ತೆ ಬರೋಣ. ಕಮ್ಯುನಿಸ್ಟ್ ಚೀನಾಕ್ಕೆ ವಿಶ್ವಸಂಸ್ಥೆಯಲ್ಲಿ ಸ್ಥಾನ ಕೊಡದಿದ್ದುದನ್ನು ಪ್ರತಿಭಟಿಸಿ ಸೋವಿಯತ್ ಒಕ್ಕೂಟ ಜನವರಿಯಿಂದಲೇ ಮಂಡಳಿಯ ಸಭೆಗಳನ್ನು ಬಹಿಷ್ಕರಿಸಿತ್ತು. ವೀಟೋ ಹಾಕುವವರೇ ಇಲ್ಲದ ಆ ಸಭೆಯಲ್ಲಿ ಉತ್ತರ ಕೊರಿಯಾ ಹಿಂದೆ ಸರಿಯಬೇಕೆಂಬ ನಿರ್ಣಯ ಒಂಬತ್ತು ಮತಗಳಿಂದ ಅಂಗೀಕಾರವಾಯಿತು. ಯುಗೊಸ್ಲಾವಿಯ ಮಾತ್ರ ತಟಸ್ಥ. ಭಾರತ ನಿರ್ಣಯದ ಪರ ನಿಂತಿತು. ಎರಡು ದಿನಗಳ ಮೇಲೆ, ದಕ್ಷಿಣ ಕೊರಿಯಾಕ್ಕೆ ಸೇನಾ ನೆರವು ನೀಡಬೇಕೆಂಬ ಎರಡನೆಯ ನಿರ್ಣಯ ಬಂತು. ದೆಹಲಿಯ ಸೂಚನೆಗಾಗಿ ಗಂಟೆಗಟ್ಟಲೆ ಕಾದರೂ ಬರಲಿಲ್ಲ; ರಾಯರು ಮತ ಹಾಕಲಿಲ್ಲ, ಈಜಿಪ್ಟಿನ ಪ್ರತಿನಿಧಿಯೂ ಹಾಕಲಿಲ್ಲ. ಜೂನ್ 29ರಂದು ನೆಹರೂ ಸರ್ಕಾರ ಆ ನಿರ್ಣಯವನ್ನೂ ಒಪ್ಪಿತು. ಯುದ್ಧಕ್ಕೆ ಸೈನಿಕರನ್ನು ಮಾತ್ರ ಕಳಿಸಲಿಲ್ಲ, ವೈದ್ಯಕೀಯ ತುಕಡಿಯೊಂದನ್ನು ಕಳಿಸಿತು.

ಆಕ್ರಮಣ ತಪ್ಪು ಎಂದು ಸ್ಪಷ್ಟವಾಗಿ ಹೇಳುವುದು, ಹೇಳಿದ ಮೇಲೆ ಯುದ್ಧ ಹರಡದಂತೆ ತಡೆಯುವುದು, ಭಾರತ ಹಿಡಿದ ದಾರಿ ಇದು. ಜುಲೈ 13ರಂದು ನೆಹರೂ ಸ್ಟಾಲಿನ್‌ಗೂ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಅಚೆಸನ್‌ಗೂ ಪತ್ರ ಬರೆದರು. ಚೀನಾವನ್ನು ಮಂಡಳಿಗೆ ಸೇರಿಸಿಕೊಂಡು ಮಾತುಕತೆ ಆರಂಭಿಸಬೇಕೆಂಬುದು ಅದರ ಸಾರ. ಸ್ಟಾಲಿನ್ ಸ್ವಾಗತಿಸಿದರು, ಅಚೆಸನ್ ನಿರಾಕರಿಸಿದರು. ಆಗಸ್ಟಿನಲ್ಲಿ ಸೋವಿಯತ್ ಪ್ರತಿನಿಧಿ ಮಲಿಕ್ ಮಂಡಳಿಗೆ ಮರಳಿ ಬಂದು ಅಧ್ಯಕ್ಷರಾದರು. ಇಡೀ ತಿಂಗಳು ಕಾರ್ಯವಿಧಾನದ ಜಗಳದಲ್ಲೇ ಕಳೆಯಿತು. ಕಾಯಂ ಸ್ಥಾನವಿಲ್ಲದ ಆರು ಸಣ್ಣ ದೇಶಗಳ ಸಮಿತಿಯೊಂದು ಕೂತು ಎಲ್ಲರ ಪ್ರಸ್ತಾಪಗಳನ್ನೂ ಪರಿಶೀಲಿಸಲಿ ಎಂದು ರಾಯರು ಸೂಚಿಸಿದರು. ಮಲಿಕ್ ಒಪ್ಪಲಿಲ್ಲ, ಸಲಹೆ ಅಲ್ಲಿಗೇ ನಿಂತಿತು.

ಸೆಪ್ಟೆಂಬರ್ 15ರಂದು ವಿಶ್ವಸಂಸ್ಥೆಯ ಪಡೆಯ ದಂಡನಾಯಕ ಜನರಲ್ ಮೆಕಾರ್ಥರ್ ಇಂಚನ್ ಬಂದರಿನಲ್ಲಿ ಪಡೆ ಇಳಿಸಿದ ಮೇಲೆ ಯುದ್ಧದ ದಿಕ್ಕೇ ಬದಲಾಯಿತು. ಉತ್ತರದ ಸೇನೆ ಓಡಿತು. ಈಗ ಅಕ್ಷಾಂಶ ದಾಟುವ ಆಸೆ ಅಮೆರಿಕಕ್ಕೆ. ಅಕ್ಟೋಬರ್ 2ರ ನಡುರಾತ್ರಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಪೀಕಿಂಗಿನಲ್ಲಿ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಕರೆಸಿ, ಅಮೆರಿಕದ ಪಡೆ ಅಕ್ಷಾಂಶ ದಾಟಿದರೆ ಚೀನಾ ಯುದ್ಧಕ್ಕಿಳಿಯುತ್ತದೆ ಎಂದು ತಿಳಿಸಿದರು. ದೆಹಲಿ ಆ ಮಾತನ್ನು ತಕ್ಷಣ ಮುಟ್ಟಿಸಿತು. ರಾಯರು ವಿಶ್ವಸಂಸ್ಥೆಯಲ್ಲಿ ಎಚ್ಚರಿಸಿದರು. ವಾಷಿಂಗ್ಟನ್ ಅದನ್ನು ಬೆದರಿಕೆಯ ಬೊಗಳೆ ಎಂದುಕೊಂಡಿತು. ಅಕ್ಟೋಬರ್ 7ರಂದು ಮಹಾಸಭೆ ಅಕ್ಷಾಂಶ ದಾಟಲು ದಾರಿ ಮಾಡಿಕೊಡುವ ನಿರ್ಣಯ ಸ್ವೀಕರಿಸಿತು. ಭಾರತ ಅದರ ಪರ ನಿಲ್ಲಲಿಲ್ಲ. ನವೆಂಬರ್ ಕೊನೆಯ ವಾರ ಚೀನೀ ಸೈನಿಕರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಮೇಲೆರಗಿದರು, ವಿಶ್ವಸಂಸ್ಥೆಯ ಪಡೆ ಹಿಮದಲ್ಲಿ ಹಿಮ್ಮೆಟ್ಟಿತು. ನವೆಂಬರ್ 30ರಂದು ಅಧ್ಯಕ್ಷ ಟ್ರೂಮನ್ ಪತ್ರಕರ್ತರ ಪ್ರಶ್ನೆಗೆ ಉತ್ತರಿಸುತ್ತ ಅಣುಬಾಂಬಿನ ಬಳಕೆಯೂ ಪರಿಶೀಲನೆಯಲ್ಲಿದೆ ಎಂದುಬಿಟ್ಟರು. ಜಗತ್ತು ಬೆಚ್ಚಿತು. ಬ್ರಿಟನ್ನಿನ ಪ್ರಧಾನಿ ಅಟ್ಲಿ ವಾಷಿಂಗ್ಟನ್ನಿಗೆ ಧಾವಿಸಿದರು.

ರಾಯರ ಬದುಕಿನ ಅತ್ಯಂತ ಬಿಡುವಿಲ್ಲದ ಎರಡು ತಿಂಗಳು ಆಗ ಶುರುವಾದವು.

ಚೀನಾದ ಪ್ರತಿನಿಧಿ ವು ಷಿಯುಚುವಾನ್ ಆ ಹೊತ್ತಿಗೆ ನ್ಯೂಯಾರ್ಕಿಗೆ ಬಂದಿದ್ದರು. ಅಮೆರಿಕದವರು ಅವರೊಡನೆ ನೇರ ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ರಾಯರು ಮಾತಾಡಿದರು. ಇನ್ನೊಂದು ಕಡೆ ಏಷ್ಯಾ ಮತ್ತು ಅರಬ್ ದೇಶಗಳ ಪ್ರತಿನಿಧಿಗಳನ್ನು ಒಟ್ಟು ಕೂಡಿಸಿದರು. ಡಿಸೆಂಬರ್ 5ರಂದು ಹದಿಮೂರು ದೇಶಗಳು ಸೇರಿ, ಚೀನಾ ಮತ್ತು ಉತ್ತರ ಕೊರಿಯಾ ಅಕ್ಷಾಂಶ ದಾಟಿ ದಕ್ಷಿಣಕ್ಕೆ ಬರಬಾರದೆಂದು ಮನವಿ ಮಾಡಿಕೊಂಡವು. ಹೊಸದಾಗಿ ಸ್ವತಂತ್ರವಾದ ಬಡ ದೇಶಗಳು ಎರಡೂ ಬಣದವರ ಬಾಲ ಹಿಡಿಯದೆ ಒಂದು ಗುಂಪಾಗಿ ವಿಶ್ವಸಂಸ್ಥೆಯಲ್ಲಿ ಮಾತಾಡಲು ಕಲಿತದ್ದು ಆ ಚಳಿಗಾಲದಲ್ಲಿ. ಅಲಿಪ್ತ ಚಳವಳಿಯ ಚರಿತ್ರೆಯನ್ನು 1955ರ ಬಾಂಡುಂಗ್ ಸಮ್ಮೇಳನದಿಂದ ಆರಂಭಿಸುವವರು ಈ ಐದು ವರ್ಷಗಳನ್ನು ಬಿಟ್ಟುಬಿಡುತ್ತಾರೆ.

ಡಿಸೆಂಬರ್ 14ರಂದು ಮಹಾಸಭೆ 52 ಮತಗಳಿಂದ ಮೂವರ ಸಮಿತಿಯೊಂದನ್ನು ನೇಮಿಸಿತು: ಮಹಾಸಭೆಯ ಅಧ್ಯಕ್ಷರಾಗಿದ್ದ ಇರಾನಿನ ನಸ್ರೊಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್ ಮತ್ತು ರಾಯರು. ಕದನವಿರಾಮಕ್ಕೆ ತಳಹದಿ ಹುಡುಕುವುದು ಅವರ ಕೆಲಸ. ಅಮೆರಿಕ ತನ್ನ ಷರತ್ತು ಹೇಳಿತು. ಚೀನಾ ಸಮಿತಿಯನ್ನೇ ಒಪ್ಪಲಿಲ್ಲ. ತಾನಿಲ್ಲದ ಸಂಸ್ಥೆ ಮಾಡಿದ ಸಮಿತಿಗೆ ಕಾನೂನಿನ ಬಲವಿಲ್ಲ ಎಂದಿತು. ವು ಡಿಸೆಂಬರ್ 19ರಂದು ನ್ಯೂಯಾರ್ಕ್ ಬಿಟ್ಟು ಹೊರಟರು.

ಗಂಟು ಇದ್ದದ್ದು ಯಾವುದು ಮೊದಲು ಎಂಬಲ್ಲಿ. ಮೊದಲು ಗುಂಡು ನಿಲ್ಲಲಿ, ಆಮೇಲೆ ಉಳಿದ ಮಾತು ಎಂದಿತು ಅಮೆರಿಕ. ಗುಂಡು ನಿಂತರೆ ನಿಮಗೆ ಉಸಿರಾಡಲು ಬಿಡುವು ಸಿಗುತ್ತದೆ, ಫಾರ್ಮೋಸಾ (ಇಂದಿನ ತೈವಾನ್) ಮತ್ತು ವಿಶ್ವಸಂಸ್ಥೆಯ ಸ್ಥಾನದ ಮಾತು ಮೊದಲು ಆಗಲಿ ಎಂದಿತು ಚೀನಾ. ಹೊಳಲ್ಕೆರೆ ತಾಲೂಕಿನ ತಾಳ್ಯ ಹೋಬಳಿಯ ಯಾವುದೇ ಊರಿನ ಕಟ್ಟೆಯಲ್ಲಿ ಬದುವಿನ ತಕರಾರು ಬಂದರೂ ಇದೇ ಪ್ರಶ್ನೆ ಏಳುತ್ತದೆ. ಉಳುವುದನ್ನು ನಿಲ್ಲಿಸಿದರೆ ಸೋತಂತೆ ಎಂದು ಇಬ್ಬರೂ ತಿಳಿದಿರುತ್ತಾರೆ. ಇಬ್ಬರೂ ನೇಗಿಲು ಎತ್ತಿಡಿ, ನಾಳೆಯೇ ಅಳತೆ ಎಂದು ದಿನ ಗೊತ್ತುಮಾಡಿದರೆ ಮಾತ್ರ ಇಬ್ಬರ ಮಾನವೂ ಉಳಿಯುತ್ತದೆ. ಪಕ್ಕದ ಸಿರಿಗೆರೆಯಲ್ಲಿ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ಸೋಮವಾರಗಳಂದು ಜನ ಕಟ್ಟಿಕೊಂಡು ಬರುವ ವ್ಯಾಜ್ಯಗಳನ್ನು ಬಲ್ಲವರಿಗೆ ಇದು ಚೆನ್ನಾಗಿ ಗೊತ್ತು.

1951ರ ಜನವರಿ 11ರಂದು ಮೂವರ ಸಮಿತಿ ಮುಂದಿಟ್ಟ ಕಾಗದ ಇಂಥದ್ದೇ ಹೊಂದಾಣಿಕೆ. ಅದರಲ್ಲಿ ಐದು ಸೂತ್ರಗಳಿದ್ದವು. ಕೂಡಲೇ ಕದನವಿರಾಮ, ಅದು ಹೊಸ ದಾಳಿಗೆ ಮರೆಯಾಗದಂತೆ ಕಾವಲು. ವಿರಾಮದ ಅವಧಿಯಲ್ಲಿ ಶಾಂತಿಗಾಗಿ ಮುಂದಿನ ಹೆಜ್ಜೆಗಳು. ಕೊರಿಯಾದಿಂದ ಎಲ್ಲ ಹೊರಗಿನ ಪಡೆಗಳೂ ಹಂತಹಂತವಾಗಿ ಹೊರಡುವುದು, ಕೊರಿಯಾದ ಜನ ತಮ್ಮ ಸರ್ಕಾರ ತಾವೇ ಆರಿಸಿಕೊಳ್ಳುವುದು. ಅಲ್ಲಿಯವರೆಗಿನ ಮಧ್ಯಂತರ ಆಡಳಿತ. ಕೊನೆಯದಾಗಿ, ಕದನವಿರಾಮವಾದ ತಕ್ಷಣ ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟ, ಚೀನಾ ನಾಲ್ಕೂ ಇರುವ ಮಂಡಳಿಯೊಂದು ಕೂತು ಫಾರ್ಮೋಸಾ ಮತ್ತು ಚೀನಾದ ಪ್ರಾತಿನಿಧ್ಯ ಸೇರಿ ಪೂರ್ವ ಏಷ್ಯಾದ ಪ್ರಶ್ನೆಗಳನ್ನು ಚರ್ಚಿಸುವುದು. ಅಮೆರಿಕ ಕೇಳಿದ ಕ್ರಮ ಹಾಗೆಯೇ ಉಳಿಯಿತು, ಚೀನಾ ಕೇಳಿದ ವಿಷಯಗಳು ಕಾಗದದ ಮೇಲೆ ಬಂದವು. ಜನವರಿ 13ರಂದು ಮಹಾಸಭೆಯ ರಾಜಕೀಯ ಸಮಿತಿ 50 ಮತಗಳಿಂದ ಇದನ್ನು ಅನುಮೋದಿಸಿತು. ಅಮೆರಿಕವೂ ಪರವಾಗಿ ಮತ ಹಾಕಿತು, ಚೀನಾ ಹೇಗೂ ತಿರಸ್ಕರಿಸುತ್ತದೆ ಎಂಬ ನಂಬಿಕೆಯಿಂದ. ಒಪ್ಪಿದರೂ ಕಷ್ಟ, ಬಿಟ್ಟರೂ ಕಷ್ಟ ಎಂಬ ಸಂಕಟವನ್ನು ಅಚೆಸನ್ ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡರು.

ಕಾಗದ ತಲುಪಿದ ಗಳಿಗೆ ಒಳ್ಳೆಯದಾಗಿರಲಿಲ್ಲ. ಒಂದು ವಾರದ ಹಿಂದಷ್ಟೇ, ಜನವರಿ 4ರಂದು, ಚೀನಾದ ಪಡೆ ಸೋಲ್ ನಗರವನ್ನು ಹಿಡಿದಿತ್ತು. ಗೆಲ್ಲುತ್ತಿರುವವನಿಗೆ ವಿರಾಮ ರುಚಿಸುವುದಿಲ್ಲ. ಜನವರಿ 17ರಂದು ಚೌ ಎನ್‌ಲಾಯ್ ಸೂತ್ರಗಳನ್ನು ಒಪ್ಪದೆ ಬೇರೊಂದು ಪ್ರಸ್ತಾಪ ಕಳಿಸಿದರು: ಭಾರತ ಮತ್ತು ಈಜಿಪ್ಟ್ ಕೂಡ ಸೇರಿದಂತೆ ಏಳು ದೇಶಗಳ ಸಮ್ಮೇಳನ ಚೀನಾದಲ್ಲಿ ನಡೆಯಲಿ. ಇದು ತಿರಸ್ಕಾರವೇ ಎಂದು ಅಮೆರಿಕ ಕೂಡಲೇ ಘೋಷಿಸಿ, ಚೀನಾವನ್ನು ಆಕ್ರಮಣಕಾರ ಎಂದು ಕರೆಯುವ ನಿರ್ಣಯ ತಂದಿತು.

ರಾಯರು ಆ ಉತ್ತರವನ್ನು ಹಾಗೆ ಓದಲಿಲ್ಲ. ವಾದಿಯ ಅರ್ಜಿಯಲ್ಲಿ ಸಿಟ್ಟಿನ ಮಾತು ಎಷ್ಟು, ನಿಜವಾದ ಬೇಡಿಕೆ ಎಷ್ಟು ಎಂದು ಸೋಸಿ ನೋಡುವುದು ಅವರಿಗೆ ದಿನನಿತ್ಯದ ಕೆಲಸವಾಗಿತ್ತು. ಕೆನಡಾದ ಪ್ರಧಾನಿಯ ಪ್ರಶ್ನೆಗಳನ್ನು ಹಿಡಿದು ಭಾರತ ಪೀಕಿಂಗಿನಿಂದ ವಿವರಣೆ ಕೇಳಿತು. ಸಮ್ಮೇಳನದ ಮೊದಲ ಹೆಜ್ಜೆಯಾಗಿ ಸೀಮಿತ ಅವಧಿಯ ಕದನವಿರಾಮವನ್ನು ಒಪ್ಪಬಹುದು ಎಂಬ ಉತ್ತರ ಬಂತು. ಜನವರಿ 22ರಂದು ರಾಯರು ಅದನ್ನು ರಾಜಕೀಯ ಸಮಿತಿಯ ಮುಂದೆ ಓದಿ ಹೇಳಿ, ಯೋಚಿಸಲು 48 ಗಂಟೆಗಳ ಬಿಡುವು ಬೇಡಿದರು. ಅಮೆರಿಕ ವಿರೋಧಿಸಿತು, ಆದರೂ ಕಡಿಮೆ ಅಂತರದಲ್ಲಿ ರಾಯರ ಮಾತು ನಡೆಯಿತು. ಅಮೆರಿಕದ ಹತ್ತಿರದ ಗೆಳೆಯರಲ್ಲೂ ಕೆಲವರು ಅಂದು ಅದರ ಜೊತೆ ನಿಲ್ಲಲಿಲ್ಲ. ಅನುಭವಿ ಸಂಧಾನಕಾರನೊಬ್ಬ ದೊಡ್ಡ ಬಲದ ಎದುರು ಗಳಿಸಿದ ಆ ಎರಡು ದಿನಗಳನ್ನು ನಾನು ಅವರ ಬದುಕಿನ ಎತ್ತರವೆಂದೇ ಎಣಿಸುತ್ತೇನೆ.

ಬಿಡುವು ಸಾಲಲಿಲ್ಲ. ಏಳು ದೇಶಗಳನ್ನು ಕೂಡಿಸಿ ವಿವರಣೆ ಪಡೆಯೋಣ ಎಂಬ ಏಷ್ಯಾ-ಅರಬ್ ನಿರ್ಣಯ ಬಿದ್ದುಹೋಯಿತು. ಫೆಬ್ರವರಿ 1ರಂದು ಮಹಾಸಭೆ 44 ಮತಗಳಿಂದ ಚೀನಾವನ್ನು ಆಕ್ರಮಣಕಾರ ಎಂದು ಸಾರಿತು. ವಿರುದ್ಧ ಬಿದ್ದ ಏಳು ಮತಗಳಲ್ಲಿ ಐದು ಸೋವಿಯತ್ ಬಣದವು, ಉಳಿದ ಎರಡು ಭಾರತ ಮತ್ತು ಬರ್ಮಾದವು. ಸಂಧಾನದ ಬಾಗಿಲು ಮುಚ್ಚಿತು.

ಈ ಪ್ರಯತ್ನವನ್ನು ಹೇಗೆ ಅಳೆಯಬೇಕು ಎಂಬಲ್ಲಿ ಚರಿತ್ರಕಾರರಿಗೆ ಒಮ್ಮತವಿಲ್ಲ. ಮಾವೋ ಆ ಜನವರಿಯಲ್ಲಿ ಇಡೀ ಕೊರಿಯಾವನ್ನೇ ಗೆಲ್ಲುವ ಹಟದಲ್ಲಿದ್ದರು, ಯಾವ ಕಾಗದವೂ ಅವರನ್ನು ತಡೆಯುತ್ತಿರಲಿಲ್ಲ ಎನ್ನುವವರು ಚೀನಾ ಮತ್ತು ರಷ್ಯಾದ ದಾಖಲೆಗಳು ಹೊರಬಂದ ಮೇಲೆ ಹೆಚ್ಚಾಗಿದ್ದಾರೆ. ಐದು ಸೂತ್ರಗಳನ್ನು ಕೈಬಿಟ್ಟದ್ದು ಚೀನಾ ಮಾಡಿದ ದೊಡ್ಡ ತಪ್ಪು ಎಂದು ಚೀನಾದಲ್ಲೇ ಕೆಲವು ವಿದ್ವಾಂಸರು ಬರೆದಿದ್ದಾರೆ. 1962ರ ಚೀನಾ ಯುದ್ಧದ ಕಹಿಯನ್ನು ನೆನೆದು, ನೆಹರೂ ಸರ್ಕಾರ ಚೀನಾವನ್ನು ಓಲೈಸಿತು ಎನ್ನುವ ಭಾರತೀಯರೂ ಇದ್ದಾರೆ. ಕೊನೆಯ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಜೂನ್ 25ರಂದು ಆಕ್ರಮಣವನ್ನು ಖಂಡಿಸಿ ಮತ ಹಾಕಿದ ದೇಶ ಭಾರತ. ಡಿಸೆಂಬರಿನಲ್ಲಿ ಅಕ್ಷಾಂಶ ದಾಟಬೇಡಿ ಎಂದು ಚೀನಾಕ್ಕೆ ಮುಖಕ್ಕೆ ಹೇಳಿದ ಗುಂಪಿನ ಮುಂದಾಳು ರಾಯರು. ಮೊದಲ ವಾದ ಬಹುಮಟ್ಟಿಗೆ ಸರಿಯಿರಬಹುದು. ಆದರೂ ಎದುರಾಳಿಯ ಉತ್ತರವನ್ನು ಪೂರ್ತಿ ಓದುವ ಮೊದಲೇ ತಿರಸ್ಕಾರ ಎಂದು ಹಣೆಪಟ್ಟಿ ಹಚ್ಚಿದ ಆತುರಕ್ಕೆ ಅದರಿಂದ ಸಮರ್ಥನೆ ಸಿಗುವುದಿಲ್ಲ.

1951ರ ನಡುವಿನ ಹೊತ್ತಿಗೆ ಯುದ್ಧ ಆರಂಭವಾದ ಗೆರೆಯ ಆಸುಪಾಸಿಗೇ ಬಂದು ನಿಂತಿತು. ಜುಲೈ 10ರಂದು ಕೆಸಾಂಗ್‌ನಲ್ಲಿ ಸೇನಾಧಿಕಾರಿಗಳ ಮಾತುಕತೆ ಶುರುವಾಗಿ ಮುಂದೆ ಪನ್‌ಮುಂಜೋಮ್‌ಗೆ ಸ್ಥಳಾಂತರವಾಯಿತು. ಆ ವರ್ಷದ ಕೊನೆಗೆ ರಾಯರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಆಯ್ಕೆಯಾದರು; 1952ರಲ್ಲಿ ನ್ಯೂಯಾರ್ಕ್ ಬಿಟ್ಟರು.

ಪನ್‌ಮುಂಜೋಮ್‌ನಲ್ಲಿ ಮಿಕ್ಕೆಲ್ಲ ಬಗೆಹರಿಯುತ್ತ ಬಂದರೂ ಯುದ್ಧಕೈದಿಗಳ ಪ್ರಶ್ನೆ ಬಿಗಿಯಿತು. ಯುದ್ಧ ಮುಗಿದ ಕೂಡಲೇ ಕೈದಿಗಳನ್ನು ಊರಿಗೆ ಕಳಿಸಬೇಕೆಂದು 1949ರ ಜಿನೀವಾ ಒಡಂಬಡಿಕೆ ಹೇಳುತ್ತದೆ. ಚೀನಾ ಅದನ್ನು ಹಿಡಿಯಿತು. ಮನಸ್ಸಿಲ್ಲದವರನ್ನು ಬಲವಂತವಾಗಿ ಕಳಿಸುವುದಿಲ್ಲ ಎಂದಿತು ಅಮೆರಿಕ. ಈ ಒಂದು ತಕರಾರಿನ ಮೇಲೆ ಯುದ್ಧ ಇನ್ನೂ ಒಂದು ವರ್ಷಕ್ಕೂ ಮೀರಿ ಎಳೆಯಿತು. ಗುಡ್ಡಗಳ ಮೇಲೆ ದಿನವೂ ಜನ ಸಾಯುತ್ತಿದ್ದರು.

1952ರ ನವೆಂಬರಿನಲ್ಲಿ ವಿ.ಕೆ. ಕೃಷ್ಣ ಮೆನನ್ ಭಾರತದ ಪರವಾಗಿ ಕರಡೊಂದನ್ನು ಮಹಾಸಭೆಯ ಮುಂದಿಟ್ಟರು. ಕೈದಿಗಳನ್ನು ಕಳಿಸುವುದಕ್ಕಾಗಲಿ, ತಡೆಯುವುದಕ್ಕಾಗಲಿ ಬಲ ಪ್ರಯೋಗಿಸಕೂಡದು. ತಟಸ್ಥ ದೇಶಗಳ ಆಯೋಗವೊಂದು ಅವರನ್ನು ವಶಕ್ಕೆ ಪಡೆದು ಅವರ ಇಚ್ಛೆ ತಿಳಿಯಬೇಕು. ಡಿಸೆಂಬರ್ 3ರಂದು 54 ಮತಗಳಿಂದ ಅದು ಅಂಗೀಕಾರವಾಯಿತು. ಸೋವಿಯತ್ ಪ್ರತಿನಿಧಿ ವಿಷಿನ್‌ಸ್ಕಿ ಅದನ್ನು ಕಟುವಾಗಿ ಬಯ್ದರು, ಚೀನಾ ನಿರಾಕರಿಸಿತು. 1953ರ ಮಾರ್ಚ್ 5ರಂದು ಸ್ಟಾಲಿನ್ ತೀರಿಕೊಂಡರು. ಅದೇ ತಿಂಗಳ 30ರಂದು ಚೌ ಎನ್‌ಲಾಯ್ ಹೊರಡಿಸಿದ ಹೇಳಿಕೆಯಲ್ಲಿ ಮೆನನ್ ಕರಡಿನ ತಿರುಳೇ ಇತ್ತು. ಜೂನ್ 8ರಂದು ಕೈದಿಗಳ ಒಪ್ಪಂದವಾಯಿತು, ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿತ್ತು.

ಮೆನನ್ ಕರಡು ಮೆನನ್ ಅವರದೇ. ಅದರ ಜಾಣ್ಮೆಯ ಶ್ರೇಯ ಅವರಿಗೆ ಸಲ್ಲಬೇಕು. ಆದರೆ ಎರಡು ಬಣಗಳ ನಡುವೆ ತಟಸ್ಥರನ್ನು ಕೂರಿಸುವುದು, ಎರಡೂ ಕಡೆಯ ತತ್ವದ ಮಾತನ್ನು ಉಳಿಸಿಕೊಂಡು ಕೆಲಸದ ದಾರಿ ಬರೆಯುವುದು, ಏಷ್ಯಾದ ದೇಶಗಳನ್ನು ಬೆನ್ನಿಗಿಟ್ಟುಕೊಂಡು ಮಹಾಸಭೆಯಲ್ಲಿ ಬಹುಮತ ಕಟ್ಟುವುದು, ಕೆನಡಾದಂಥ ದೇಶದ ಮೂಲಕ ಅಮೆರಿಕವನ್ನು ಒಲಿಸುವುದು, ಈ ನಾಲ್ಕೂ 1950ರ ಚಳಿಗಾಲದಲ್ಲಿ ರಾಯರು ಹಾಕಿದ ಜಾಡು. ಮೆನನ್ ಕೆಲಸ ಮಾಡಿದ ಅಡಿಪಾಯ ಅದು.

ತಟಸ್ಥ ರಾಷ್ಟ್ರಗಳ ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯ ಇದ್ದವು, ಅಧ್ಯಕ್ಷತೆ ಭಾರತಕ್ಕೆ. ನೆಹರೂ ಕಳಿಸಿದ್ದು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರನ್ನು. ಬರ್ಮಾದಲ್ಲಿ ಬ್ರಿಗೇಡ್ ನಡೆಸಿದ, 1948ರಲ್ಲಿ ಜೋಜಿ ಲಾ ಕಣಿವೆಗೆ ಟ್ಯಾಂಕು ಏರಿಸಿದ ಯೋಧ. ಕೈದಿಗಳ ಕಾವಲಿಗೆ ಐದು ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಮೇಜರ್ ಜನರಲ್ ತೋರಾಟರ ಕೈಕೆಳಗೆ ಹೋದರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ತನ್ನ ನೆಲದ ಮೇಲೆ ಅವರು ಕಾಲಿಡಕೂಡದು ಎಂದರು. ಹಾಗಾಗಿ ಇಂಚನ್‌ನ ಹಡಗುಗಳಿಂದ ನೇರವಾಗಿ ಸೇನಾರಹಿತ ವಲಯಕ್ಕೆ ಹೆಲಿಕಾಪ್ಟರಿನಲ್ಲೇ ಅವರನ್ನು ಸಾಗಿಸಬೇಕಾಯಿತು. ಇದೇ ರೀ ಜೂನ್ 18ರಂದು ಸುಮಾರು 27,000 ಉತ್ತರ ಕೊರಿಯಾ ಕೈದಿಗಳನ್ನು ತಾನಾಗಿಯೇ ಬಿಟ್ಟು ಒಪ್ಪಂದವನ್ನೇ ಮುರಿಯಲು ನೋಡಿದವರು.

ಭಾರತೀಯರ ವಶಕ್ಕೆ ಬಂದವರು ವಿಶ್ವಸಂಸ್ಥೆಯ ಕಡೆಯಿಂದ 22,604 ಜನ, ಅವರಲ್ಲಿ 14,704 ಚೀನೀಯರು. ಇನ್ನೊಂದು ಕಡೆಯಿಂದ 359. ಶಿಬಿರದೊಳಗೆ ಕೈದಿಗಳ ಮುಖಂಡರದೇ ಆಳ್ವಿಕೆ. ಊರಿಗೆ ಹೋಗುತ್ತೇನೆ ಎಂದವನ ಜೀವಕ್ಕೆ ಭರವಸೆಯಿರಲಿಲ್ಲ. ಸೆಪ್ಟೆಂಬರ್ 25ರಂದು ಮೇಜರ್ ಗ್ರೇವಾಲ್ ಎಂಬ ಅಧಿಕಾರಿಯನ್ನು ಕೈದಿಗಳು ಹಿಡಿದಿಟ್ಟುಕೊಂಡಾಗ ತೋರಾಟರು ಗುಂಡು ಹಾರಿಸದೆ ತಾವೇ ಒಳಹೊಕ್ಕು ಮಾತಾಡಿ ಬಿಡಿಸಿಕೊಂಡು ಬಂದರು. ಎಲ್ಲ ದಿನಗಳೂ ಹಾಗಿರಲಿಲ್ಲ. ಅಕ್ಟೋಬರ್ ಮೊದಲ ದಿನಗಳ ಗಲಭೆಯಲ್ಲಿ ಭಾರತೀಯ ಕಾವಲಿನ ಗುಂಡಿಗೆ ಕೈದಿಗಳು ಸತ್ತರು. ಆಯೋಗದಲ್ಲಿ ನಾಲ್ವರು ಎರಡೆರಡಾಗಿ ಒಡೆದು ನಿಂತಾಗಲೆಲ್ಲ ತೀರ್ಮಾನದ ಮತ ತಿಮ್ಮಯ್ಯನವರದು. ಇಂದು ಒಬ್ಬರ ಸಿಟ್ಟು, ನಾಳೆ ಇನ್ನೊಬ್ಬರದು. ತೊಂಬತ್ತು ದಿನಗಳ ಅವಧಿಯಲ್ಲಿ ಕೈದಿಗಳಿಗೆ ಅವರವರ ದೇಶದವರು ವಿವರಣೆ ಕೊಡಲು ಸಾಧ್ಯವಾದದ್ದು ಬೆರಳೆಣಿಕೆಯ ದಿನ. ಡಿಸೆಂಬರ್ 23ರಂದು ಗಡುವು ಮುಗಿಯಿತು. 22,604ರಲ್ಲಿ ಮರಳಿ ಹೋದವರು ಆರುನೂರಕ್ಕೆ ಸ್ವಲ್ಪ ಹೆಚ್ಚು. ಉಳಿದವರನ್ನು ಜನವರಿಯಲ್ಲಿ ತಿಮ್ಮಯ್ಯನವರು ಹಿಡಿದವರ ಕೈಗೇ ಒಪ್ಪಿಸಿದರು. ಎರಡೂ ಕಡೆ ಬೇಡವೆಂದ 88 ಮಂದಿ 1954ರ ಫೆಬ್ರವರಿಯಲ್ಲಿ ನಮ್ಮ ಸೈನಿಕರ ಜೊತೆಯಲ್ಲೇ ಭಾರತಕ್ಕೆ ಬಂದರು.

ಕೈದಿಗಳ ಇಚ್ಛೆ ನಿಜವಾಗಿ ಸ್ವತಂತ್ರವಾಗಿತ್ತೇ ಎಂಬ ಬಗ್ಗೆ ಆಯೋಗಕ್ಕೇ ಸಂಶಯವಿತ್ತು, ಅದನ್ನು ವರದಿಯಲ್ಲಿ ಬರೆಯಿತು ಕೂಡ. ಆದರೂ ತಟಸ್ಥರ ಸೇನೆಯೊಂದು ಎರಡು ಶತ್ರುಪಡೆಗಳ ನಡುವೆ ನಿಂತು ಕೊಟ್ಟ ಮಾತಿನಂತೆ ನಡೆದುಕೊಂಡು ಮರಳಿತು. ಮುಂದೆ ಭಾರತೀಯ ಸೈನಿಕರು ವಿಶ್ವಸಂಸ್ಥೆಯ ಶಾಂತಿಪಾಲನೆಗಾಗಿ ಗಾಜಾಕ್ಕೆ, ಕಾಂಗೋಕ್ಕೆ ಹೋದರು. ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೆ ಸೈಪ್ರಸ್‌ನ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದಾಗಲೇ 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಮಡಿಕೇರಿಯ ಅವರ ಮನೆ ಸನ್ನಿಸೈಡ್ ಈಗ ವಸ್ತುಸಂಗ್ರಹಾಲಯ.

ರಾಯರು ಈ ಫಲವನ್ನು ಪೂರ್ತಿ ಕಾಣಲಿಲ್ಲ. ಪನ್‌ಮುಂಜೋಮ್‌ನ ಡೇರೆಗಳಲ್ಲಿ ಕೈದಿಗಳ ವಿಚಾರಣೆ ಇನ್ನೂ ಮುಗಿಯದಿದ್ದಾಗಲೇ, 1953ರ ನವೆಂಬರ್ 30ರಂದು, ಜ್ಯೂರಿಕ್‌ನಲ್ಲಿ ಕಾಯಿಲೆಯಿಂದ ನಿಧನರಾದರು. ಅವರ ಸಂವಿಧಾನದ ಬರಹಗಳನ್ನು ತಮ್ಮ ಶಿವರಾವ್ ಸಂಪಾದಿಸಿ 1960ರಲ್ಲಿ ಪ್ರಕಟಿಸಿದರು. ಕೊರಿಯಾದ ಕೆಲಸ ವಿಶ್ವಸಂಸ್ಥೆಯ ಕಡತಗಳಲ್ಲೇ ಹೆಚ್ಚಾಗಿ ಉಳಿದುಹೋಯಿತು.

1951ರ ಜನವರಿಯ ಆ ಕಾಗದದ ಐದನೆಯ ಸೂತ್ರ ಇಂದಿಗೂ ಪೂರ್ತಿ ಈಡೇರಿಲ್ಲ. ಕದನವಿರಾಮದ ನಂತರ ಎಲ್ಲರೂ ಕೂತು ರಾಜಕೀಯ ಪ್ರಶ್ನೆ ಬಗೆಹರಿಸಬೇಕೆಂದು 1953ರ ಒಪ್ಪಂದದ 60ನೆಯ ಕಲಮೂ ಹೇಳಿತ್ತು, ಮೂರು ತಿಂಗಳ ಗಡುವನ್ನೂ ಸೂಚಿಸಿತ್ತು. 1954ರ ಜಿನೀವಾ ಸಮ್ಮೇಳನದಲ್ಲಿ ಕೊರಿಯಾದ ಮಾತು ಮುರಿದುಬಿತ್ತು. ಎರಡು ಕೊರಿಯಾಗಳ ನಡುವೆ ಶಾಂತಿ ಒಪ್ಪಂದಕ್ಕೆ ಇನ್ನೂ ಸಹಿ ಬಿದ್ದಿಲ್ಲ, ಇರುವುದು ಆ ಕದನವಿರಾಮವೊಂದೇ.

ನಮ್ಮ ಕಾನೂನು ಕಾಲೇಜುಗಳಲ್ಲಿ, ಇತಿಹಾಸ ಮತ್ತು ರಾಜ್ಯಶಾಸ್ತ್ರ ವಿಭಾಗಗಳಲ್ಲಿ ಪಾಠ ಹೇಳುವವರಲ್ಲಿ ನನ್ನದೊಂದು ಕೋರಿಕೆ. ಸಂವಿಧಾನದ ಕರಡಿನ ಜೊತೆಗೆ 1951ರ ಜನವರಿ 11ರ ಐದು ಸೂತ್ರಗಳನ್ನೂ, ಜನವರಿ 22ರ ಸಭೆಯ ನಡಾವಳಿಯನ್ನೂ ವಿದ್ಯಾರ್ಥಿಗಳ ಕೈಗೆ ಕೊಡಿ. ಅವನ್ನು ಬರೆದವರಲ್ಲಿ ಒಬ್ಬರು, ಓದಿ ಹೇಳಿದವರು ನಮ್ಮ ಮಂಗಳೂರಿನ ಶಾಲೆಯಲ್ಲಿ ಓದಿದವರು ಎಂಬುದನ್ನೂ ತಿಳಿಸಿ.